ದಮ್ಮಿಗೆ ಪ್ರಾಣಚಿಕಿತ್ಸೆ: ಜೊತೆಗೋ, ಬದಲಿಗೋ?



ನಮ್ಮ ಪತ್ರಿಕೆಯ ಕೊನೆಯ ಪುಟ ಮಠಗಳ ಕಾರ್ಯಕ್ರಮಗಳ ಪ್ರಕಟಣೆಗೆ ಮೀಸಲು. ಶಿವಾನುಭವ ಗೋಷ್ಠಿ, ಸಾಮೂಹಿಕ ವಿವಾಹ, ರಕ್ತದಾನ, ಕಣ್ಣಿನ ತಪಾಸಣೆ ಇಂಥವು ಅಲ್ಲಿ ಬರುತ್ತವೆ. ಈ ಚಳಿಗಾಲದಲ್ಲಿ ಬಂದ ಕಾಗದಗಳ ಕಟ್ಟಿನಲ್ಲಿ ಬೇರೆ ಬಗೆಯ ಮೂರು ಪ್ರಕಟಣೆಗಳಿದ್ದವು. ಮೂರೂ ಮಠದ ಸಭಾಭವನದಲ್ಲಿ ನಡೆಯಲಿರುವ ಪ್ರಾಣಶಕ್ತಿ ಚಿಕಿತ್ಸಾ ಶಿಬಿರಗಳದ್ದು. ದಮ್ಮು, ಉಬ್ಬಸ, ಹಳೇ ಕೆಮ್ಮು ಇರುವವರು ಬಂದು ಪ್ರಯೋಜನ ಪಡೆಯಬೇಕು ಎಂದು ಒಂದರಲ್ಲಿತ್ತು. ಪಂಪು ಬಿಡಿಸಲಾಗುವುದು ಎಂದು ಇನ್ನೊಂದರಲ್ಲಿ. ವೈದ್ಯರು ಕೊಟ್ಟ ಔಷಧದ ಜೊತೆಗೆ ಎಂದು ಮೂರನೆಯದು ಸ್ಪಷ್ಟವಾಗಿ ಹೇಳಿತ್ತು. ಇವನ್ನು ಹಾಕಬೇಕೋ ಬಿಡಬೇಕೋ ಎಂಬ ಬಗ್ಗೆ ನಮ್ಮ ಬಳಗದಲ್ಲಿ ಒಮ್ಮತ ಬರಲಿಲ್ಲ. ಎಲ್ಲವೂ ಮೌಢ್ಯ, ಬುಟ್ಟಿಗೆ ಹಾಕಿ ಎಂದರು ಒಬ್ಬರು. ಯಾರಿಗೂ ಕೇಡಿಲ್ಲದ್ದು, ಹಾಕಿದರೆ ನಮ್ಮ ಗಂಟೇನು ಹೋಗುತ್ತದೆ ಎಂದರು ಮತ್ತೊಬ್ಬರು. ಎರಡೂ ಮಾತು ನನಗೆ ಅವಸರದವಾಗಿ ಕಂಡವು. ಅದಕ್ಕಾಗಿ ಈ ತಿಂಗಳ ಸಂಪಾದಕೀಯ ಇದೇ ವಿಷಯದ ಮೇಲೆ.

ಮೊದಲು ರೋಗದ ಮಾತು. ದಮ್ಮು ಎಂಬ ಒಂದೇ ಹೆಸರಿನಡಿ ನಮ್ಮ ಜನ ಎರಡು ಕಾಯಿಲೆಗಳನ್ನು ಸೇರಿಸಿಬಿಡುತ್ತಾರೆ. ಒಂದು ಅಸ್ತಮಾ. ಅದರಲ್ಲಿ ಶ್ವಾಸನಾಳಗಳು ಬಿಗಿಯುತ್ತವೆ, ಮತ್ತೆ ಬಹುಮಟ್ಟಿಗೆ ಸಡಿಲಗೊಳ್ಳುತ್ತವೆ. ಇನ್ನೊಂದು ವೈದ್ಯರು ಸಿಒಪಿಡಿ ಎನ್ನುವ ದೀರ್ಘಕಾಲದ ಶ್ವಾಸಕೋಶ ರೋಗ. ಇದರಲ್ಲಿ ನಾಳಗಳ ಒಳಗೋಡೆ ವರ್ಷಗಳ ಹೊಗೆಯಿಂದ ಊದಿಕೊಂಡು, ಕಫ ಕಟ್ಟಿ, ಶಾಶ್ವತವಾಗಿ ಕಿರಿದಾಗುತ್ತದೆ. ಎಷ್ಟೋ ಜನರಲ್ಲಿ ನಾಳದ ತುದಿಯ ಗಾಳಿಚೀಲಗಳ ಗೋಡೆಯೂ ಹರಿದು ಹೋಗಿರುತ್ತದೆ. ಹರಿದದ್ದು ಮತ್ತೆ ಕೂಡುವುದಿಲ್ಲ. ನೀರಿನ ಕೊಳವೆಗಳ ಜೊತೆ ಕೆಲಸ ಮಾಡಿದ ನನ್ನಂಥವನಿಗೆ ಇದು ಬೇಗ ತಿಳಿಯುವ ಲೆಕ್ಕ. ಸಣ್ಣ ಕೊಳವೆಯಲ್ಲಿ ನಿಧಾನವಾಗಿ ಹರಿಯುವ ಯಾವುದಕ್ಕೇ ಆಗಲಿ, ವ್ಯಾಸ ಅರ್ಧಕ್ಕಿಳಿದರೆ ಅಡ್ಡಿ 16 ಪಟ್ಟಾಗುತ್ತದೆ. ನಾಳ ಕೂದಲೆಳೆಯಷ್ಟು ಕಿರಿದಾದರೂ ಮೆಟ್ಟಿಲೇರುವಾಗ ಏದುಸಿರು ಬರುವುದು ಇದೇ ಕಾರಣಕ್ಕೆ. ಔಷಧದಿಂದ ವ್ಯಾಸ ಒಂದಿಷ್ಟು ಹಿಗ್ಗಿದರೂ ಮನುಷ್ಯನಿಗೆ ಅಷ್ಟೊಂದು ನೆಮ್ಮದಿಯಾಗುವುದೂ ಇದೇ ಕಾರಣಕ್ಕೆ.

ಭಾರತದಲ್ಲಿ ಈ ರೋಗವಿರುವವರ ಸಂಖ್ಯೆ 1990ರಲ್ಲಿ ಸುಮಾರು 2 ಕೋಟಿ 80 ಲಕ್ಷವಿದ್ದದ್ದು 2016ರ ಹೊತ್ತಿಗೆ 5 ಕೋಟಿ 50 ಲಕ್ಷ ದಾಟಿತು ಎಂಬ ಅಂದಾಜಿದೆ. ಬೀಡಿ ಸಿಗರೇಟು ಸೇದುವವರ ಕಾಯಿಲೆ ಎಂದು ಪಟ್ಟಣದವರು ತಿಳಿದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಬೀಡಿಯನ್ನು ಕೈಯಲ್ಲೂ ಮುಟ್ಟದ ತಾಯಂದಿರಿಗೆ ಇದು ಬಂದಿದೆ. ಕಾರಣ ಒಲೆ. ಸುತ್ತೂರು ಮಠದ ವಿದ್ಯಾಪೀಠಕ್ಕೆ ಸೇರಿದ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಸರಳ ಲೆಕ್ಕ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕುಳಿತಿರಿ, ಎಷ್ಟು ವರ್ಷ ಕುಳಿತಿರಿ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿತೆಂದರೆ ಹಳೇ ಕೆಮ್ಮು ಕಫದ ಕಾಯಿಲೆಯ ಅಪಾಯ ಗಣನೀಯವಾಗಿ ಏರುತ್ತದೆ. ದಿನಕ್ಕೆ 4 ಗಂಟೆ ಅಡುಗೆ ಮಾಡುವವಳು 15 ವರ್ಷಕ್ಕೆ ಆ ಗೆರೆ ತಲುಪುತ್ತಾಳೆ. ಹದಿನೆಂಟಕ್ಕೆ ಮದುವೆಯಾದ ಹೆಣ್ಣುಮಗಳು ಎಂದರೆ ಮೂವತ್ತಮೂರಕ್ಕೆ.

ಈಗ ಚಿಕಿತ್ಸೆ ಎನ್ನುವುದರ ಮಾತು. ನಮ್ಮ ಊರುಗಳಿಗೆ ಬಂದಿರುವುದು ಮುಖ್ಯವಾಗಿ ಎರಡು ಪದ್ಧತಿ. ರೇಕಿ ಎಂಬುದನ್ನು ಜಪಾನಿನ ಮಿಕಾವೊ ಉಸುಯಿ ಎಂಬವರು 1922ರಲ್ಲಿ ಆರಂಭಿಸಿದರು. ಕೈಯನ್ನು ರೋಗಿಯ ಮೈಮೇಲೆ ಹಗುರಾಗಿ ಇಡುತ್ತಾರೆ. ಪ್ರಾಣಿಕ್ ಹೀಲಿಂಗ್ ಎಂಬುದನ್ನು 1980ರ ದಶಕದಲ್ಲಿ ಹರಡಿದವರು ಫಿಲಿಪ್ಪೀನ್ಸಿನ ಚೋವಾ ಕೊಕ್ ಸುಯಿ. ಇದರಲ್ಲಿ ಮುಟ್ಟುವುದೂ ಇಲ್ಲ. ಮೈಯಿಂದ ಒಂದಿಷ್ಟು ದೂರದಲ್ಲಿ ಕೈಯಾಡಿಸಿ, ಕೆಟ್ಟ ಶಕ್ತಿಯನ್ನು ಗುಡಿಸಿ ಉಪ್ಪುನೀರಿನ ಬೋಗುಣಿಗೆ ಬಿಡುತ್ತಾರೆ. ಅವರು ರಾಸಾಯನಿಕ ಎಂಜಿನಿಯರಿಂಗ್ ಓದಿದವರಂತೆ. ನಮ್ಮ ವೃತ್ತಿಯವರು ನಿವೃತ್ತಿಯ ನಂತರ ಏನೇನು ಮಾಡಬಹುದು ಎಂಬುದಕ್ಕೆ ನನ್ನ ಮನೆಯವರು ಇದನ್ನು ಉದಾಹರಣೆ ಕೊಡುತ್ತಾರೆ. ತಮಾಷೆ ಇರಲಿ. ಈ ಎರಡೂ ಪದ್ಧತಿಗಳಿಗೆ ಪ್ರಾಣ ಎಂಬ ನಮ್ಮ ಶಬ್ದವನ್ನು ಹೊದಿಸಿ, ಇದು ಶಿವಯೋಗದ್ದೇ ಇನ್ನೊಂದು ರೂಪ ಎಂದು ಮಠಗಳಲ್ಲಿ ಹೇಳುತ್ತಿದ್ದಾರೆ. ಅದು ಸರಿಯಲ್ಲ. ದೀಕ್ಷೆಯಲ್ಲಿ ಗುರುವಿನ ಹಸ್ತ ಶಿಷ್ಯನ ಮಸ್ತಕದ ಮೇಲೆ ಬರುವುದು ಅರಿವಿಗಾಗಿ, ಶ್ವಾಸಕೋಶಕ್ಕಾಗಿ ಅಲ್ಲ. ಶರಣರಲ್ಲಿ ವೈದ್ಯ ಸಂಗಣ್ಣನೆಂಬವರಿದ್ದರು. ವೈದ್ಯವೇ ಅವರ ಕಾಯಕವಾಗಿತ್ತು. ರೋಗಕ್ಕೆ ಮದ್ದು ಕೊಡುವುದು ಬೇರೆ ಕೆಲಸ ಎಂಬುದು ಆ ಕಾಲಕ್ಕೇ ತಿಳಿದಿತ್ತು.

ಇನ್ನೊಬ್ಬರ ಶಕ್ತಿವಲಯ ತಮ್ಮ ಅಂಗೈಗೆ ತಿಳಿಯುತ್ತದೆ ಎಂಬುದು ಈ ಚಿಕಿತ್ಸಕರ ಮಾತಿನ ಅಡಿಪಾಯ. ಅದನ್ನು ಅಮೆರಿಕದ ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಪರೀಕ್ಷಿಸಿದಳು. ರಟ್ಟಿನ ಮರೆಯ ತೂತುಗಳಲ್ಲಿ ಚಿಕಿತ್ಸಕರು ಎರಡೂ ಕೈ ಚಾಚುವುದು. ಆ ಕಡೆ ಹುಡುಗಿ ನಾಣ್ಯ ಚಿಮ್ಮಿ, ಅವರ ಒಂದು ಅಂಗೈ ಮೇಲೆ ತನ್ನ ಕೈ ಹಿಡಿಯುವುದು. ಯಾವ ಕೈ ಎಂದು ಅವರು ಹೇಳಬೇಕು. 21 ಜನ, 280 ಸಲ. ಸರಿಯಾದದ್ದು 123, ಎಂದರೆ ನೂರಕ್ಕೆ 44. ಕಣ್ಣು ಮುಚ್ಚಿ ಹೇಳಿದರೂ ಐವತ್ತು ಬರಬೇಕಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಕೈಯಿಂದ ಹರಿಯುತ್ತದೆ ಎನ್ನುವ ಶಕ್ತಿಯನ್ನು ಅಳೆಯುವ ಮಾಪಕ ಇವತ್ತಿಗೂ ಇಲ್ಲ. ಅಂಥ ಶಕ್ತಿಯಿದೆ ಎಂದು ನಾನು ನಂಬುವುದಿಲ್ಲ. ಓದುಗರಲ್ಲಿ ಕೆಲವರಿಗೆ ಇದು ಕಹಿಯಾಗಬಹುದು.

ಆದರೂ ರೋಗಿಗೆ ಹಗುರವಾಯಿತು ಎಂಬುದು ಸುಳ್ಳಲ್ಲ. ನಮ್ಮ ವಿಚಾರವಾದಿ ಮಿತ್ರರು ಇಲ್ಲೇ ಎಡವುತ್ತಾರೆ. ಉಸಿರು ಕಟ್ಟುವವನಿಗೆ ಮೊದಲು ಹುಟ್ಟುವುದು ಭಯ. ಭಯದಿಂದ ಉಸಿರಾಟ ಬಿರುಸಾಗುತ್ತದೆ. ಕಿರಿದಾದ ನಾಳದಿಂದ ಗಾಳಿ ಹೊರಹೋಗಲು ಸಮಯ ಬೇಕು, ಬಿರುಸಿನಲ್ಲಿ ಆ ಸಮಯ ಸಿಗುವುದಿಲ್ಲ. ಹಳೆಯ ಗಾಳಿ ಒಳಗೇ ಉಳಿದು ಎದೆ ಉಬ್ಬಿಕೊಳ್ಳುತ್ತದೆ, ಹೊಸ ಗಾಳಿಗೆ ಜಾಗವಿಲ್ಲ, ಭಯ ಇಮ್ಮಡಿಸುತ್ತದೆ. ಇಂಥವರನ್ನು ನಿಶ್ಶಬ್ದವಾದ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ, ಯಾರೋ ಒಬ್ಬರು ಪೂರ್ತಿ ಗಮನ ಕೊಟ್ಟು, ನಿಧಾನ, ನಿಧಾನ ಎಂದರೆ ಆ ಸುತ್ತು ಮುರಿಯುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಮೂರು ನಿಮಿಷ ಕೊಟ್ಟರೆ ಹೆಚ್ಚು. ಮಾತು ಕೇಳುವವರೇ ಇಲ್ಲದ ಮುದುಕಿಗೆ ಆ ಅರ್ಧ ಗಂಟೆಯೇ ಒಂದು ಔಷಧ.

ಪ್ರಶ್ನೆ ಇರುವುದು ಆ ಹಗುರತನವನ್ನು ನಂಬಿ ಏನು ಮಾಡುತ್ತೇವೆ ಎಂಬುದರಲ್ಲಿ. 2011ರಲ್ಲಿ ಅಮೆರಿಕದ ಒಂದು ವೈದ್ಯರ ತಂಡ ಅಸ್ತಮಾ ರೋಗಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಕನ್ನಡಿ ಹಿಡಿದಂತಿದೆ. ಸುಮಾರು ನಲವತ್ತು ಜನ. ಒಬ್ಬೊಬ್ಬರಿಗೂ ಸರದಿಯಂತೆ ಬೇರೆ ಬೇರೆ ದಿನ ನಾಲ್ಕು ಬಗೆ: ನಿಜವಾದ ಔಷಧದ ಇನ್‌ಹೇಲರ್, ಔಷಧವೇ ಇಲ್ಲದ ಇನ್‌ಹೇಲರ್, ಚುಚ್ಚಿದಂತೆ ನಟಿಸುವ ಸುಳ್ಳು ಸೂಜಿಚಿಕಿತ್ಸೆ, ಏನೂ ಇಲ್ಲದೆ ಸುಮ್ಮನೆ ಕೂರುವುದು. ಆಮೇಲೆ, ಎಷ್ಟು ವಾಸಿ ಅನ್ನಿಸಿತು ಎಂದು ಕೇಳಿದರು. ನಿಜವಾದ ಔಷಧಕ್ಕೆ ನೂರಕ್ಕೆ 50, ಸುಳ್ಳು ಇನ್‌ಹೇಲರಿಗೆ 45, ಸುಳ್ಳು ಸೂಜಿಗೆ 46, ಸುಮ್ಮನೆ ಕೂತದ್ದಕ್ಕೆ 21 ಎಂದರು. ರೋಗಿಯ ಬಾಯಿಮಾತಿನಲ್ಲಿ ಮೊದಲ ಮೂರಕ್ಕೂ ವ್ಯತ್ಯಾಸವೇ ಇಲ್ಲ. ಬಳಿಕ ಯಂತ್ರಕ್ಕೆ ಊದಿಸಿದರು. ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ನಿಜವಾದ ಔಷಧದಿಂದ ನೂರಕ್ಕೆ 20ರಷ್ಟು ಹೆಚ್ಚಿತ್ತು. ಮಿಕ್ಕ ಮೂರರಿಂದಲೂ ಬರೀ 7. ಸುಮ್ಮನೆ ಕೂತಿದ್ದರೂ ಅದೇ 7.

ಈ ಪ್ರಯೋಗವನ್ನು ಎರಡು ಸಲ ಓದಬೇಕು. ಅನ್ನಿಸುವುದು ಒಂದು ಮಾಪಕ, ಗಾಳಿಯ ಹರಿವು ಇನ್ನೊಂದು ಮಾಪಕ. ಎರಡೂ ಒಂದೇ ಸಂಗತಿಯನ್ನು ಅಳೆಯುತ್ತಿಲ್ಲ. ಅಣೆಕಟ್ಟೆಯ ಮೇಲೆ ನಿಂತು ನೀರು ಶಾಂತವಾಗಿದೆ ಎಂದು ಕಂಡ ಮಾತ್ರಕ್ಕೆ ಯಾವ ಎಂಜಿನಿಯರನೂ ಸೋರಿಕೆಯ ಮಾಪಕ ಓದುವುದನ್ನು ಬಿಡುವುದಿಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದು ನಮ್ಮ ಭಾಗದಲ್ಲೇ ಹೋದ ವರ್ಷ ನಡೆಯಿತು. ಹೆಸರು, ಊರು ಬೇಡ. ಒಂದು ಮಠದ ದಾಸೋಹದ ಮನೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದು ಅನ್ನ ಬಸಿದ ತಾಯಿ ಅವರು. ದಿನಕ್ಕೆ 5 ಗಂಟೆ ಎಂದು ಹಿಡಿದರೂ ಮೈಸೂರಿನವರ ಲೆಕ್ಕದಲ್ಲಿ 150. ಜಾತ್ರೆಯ ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಊದುವ ಪರೀಕ್ಷೆ ಮಾಡಿ ಎರಡು ಬಗೆಯ ಇನ್‌ಹೇಲರ್ ಕೊಟ್ಟಿದ್ದರು. ಅದೇ ಮಠದ ಸಭಾಭವನದಲ್ಲಿ ಪ್ರತಿ ಸೋಮವಾರ ಪ್ರಾಣಚಿಕಿತ್ಸೆ ಶುರುವಾಯಿತು. ನಾಲ್ಕು ವಾರಕ್ಕೆ ಆ ತಾಯಿ, ಎದಿ ಹಗುರ ಆಗೇತ್ರಿ, ರಾತ್ರಿ ನಿದ್ದಿ ಹತ್ತತೈತ್ರಿ ಎಂದರು. ಚಿಕಿತ್ಸಕರು ಕೆಟ್ಟವರೇನಲ್ಲ, ದುಡ್ಡೂ ತೆಗೆದುಕೊಂಡವರಲ್ಲ. ಒಂದೇ ಒಂದು ಮಾತು ಹೇಳಿದರು: ಇನ್ನು ಪಂಪು ಮೆಲ್ಲಗೆ ಕಡಿಮೆ ಮಾಡ್ರಿ, ಅದು ಚಟ ಆಗತೈತಿ. ಮೊದಲೇ ಮನೆಯವರಿಗೆ ಪಂಪಿನ ಮೇಲೆ ಅದೇ ಅನುಮಾನವಿತ್ತು. ನಿಲ್ಲಿಸಿದರು. ಡಿಸೆಂಬರಿನಲ್ಲಿ ನೆಗಡಿ ಬಂತು, ಎದೆಗಿಳಿಯಿತು. ತುಟಿ ನೀಲಿಯಾದ ಮೇಲೆ ಆಸ್ಪತ್ರೆಗೆ ಒಯ್ದರು. ಒಂಬತ್ತು ದಿನ ತೀವ್ರ ನಿಗಾ ಘಟಕ. ಬದುಕಿದರು. ಇಂಥ ಪ್ರತಿಯೊಂದು ಹೊಡೆತದ ನಂತರ ಶ್ವಾಸಕೋಶ ಎಷ್ಟೋ ಸಲ ಹಿಂದಿನ ಮಟ್ಟಕ್ಕೆ ಮರಳುವುದಿಲ್ಲ. ಈಗ ಅವರು ಮನೆಯಲ್ಲಿ ಆಮ್ಲಜನಕದ ಯಂತ್ರದ ಪಕ್ಕದಲ್ಲಿದ್ದಾರೆ.

ಇನ್‌ಹೇಲರ್ ಚಟವಲ್ಲ. ದಿನಾ ಕನ್ನಡಕ ಹಾಕುವವನಿಗೆ ಕನ್ನಡಕದ ಚಟ ಎನ್ನುತ್ತೇವೆಯೇ? ಗುಳಿಗೆ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತಬೇಕು. ಇದು ನೇರವಾಗಿ ನಾಳಕ್ಕೆ ತಲುಪುವುದರಿಂದ ಔಷಧದ ಪ್ರಮಾಣವೂ ಕಡಿಮೆ ಸಾಕು. ತೊಂದರೆ ಇರುವುದು ಬಳಸುವ ಕ್ರಮದಲ್ಲಿ. ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಆಗದಿದ್ದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ವಯಸ್ಸಾದವರು ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಹಚ್ಚಿಕೊಳ್ಳಬೇಕು. ಸ್ಟಿರಾಯ್ಡ್ ಇರುವುದಾದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಇದನ್ನು ಮಾಡಿ ತೋರಿಸುವವರು ಬೇಕು. ಎಷ್ಟೋ ಜನ ಔಷಧ ಕೆಲಸ ಮಾಡಲಿಲ್ಲ ಎಂದು ಬಿಡುವುದು ಅದು ಒಳಗೆ ಹೋಗಿಯೇ ಇರದ ಕಾರಣಕ್ಕೆ.

ಆಮ್ಲಜನಕದ ವಿಷಯದಲ್ಲಿ ಒಂದು ಶಕ್ತಿಯ ಲೆಕ್ಕ ಕೊಡುತ್ತೇನೆ, ಇದು ನನಗೆ ಗೊತ್ತಿರುವ ಬಗೆಯ ಶಕ್ತಿ. ರಕ್ತದಲ್ಲಿ ಆಮ್ಲಜನಕ ತೀರ ಇಳಿದವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು 1980 ಮತ್ತು 1981ರಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನ ಎರಡು ಅಧ್ಯಯನಗಳು ತೋರಿಸಿಕೊಟ್ಟವು. ಮನೆಯಲ್ಲಿಡುವ ಯಂತ್ರಕ್ಕೆ ಸುಮಾರು 350 ವಾಟ್ ಬೇಕು. 15 ಗಂಟೆಗೆ 5 ಯೂನಿಟ್ಟಿಗಿಂತ ತುಸು ಹೆಚ್ಚು, ತಿಂಗಳಿಗೆ ನೂರೈವತ್ತರ ಮೇಲೆ. ಗೃಹಜ್ಯೋತಿ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ, ಹೊಸದಾಗಿ ಬಂದ ಯಂತ್ರದ ಹೊರೆ ಬಡವರ ಮೇಲೆಯೇ ಬೀಳಬಹುದು. ಬಿಲ್ಲಿಗೆ ಹೆದರಿ ಹತ್ತು ಗಂಟೆಗೇ ಯಂತ್ರ ಆರಿಸುವ ಮನೆಗಳಿವೆ. ಮಠ ಆ ಬಿಲ್ಲು ಕಟ್ಟಿದರೆ ಅದು ದಾಸೋಹ. ಇನ್ನೊಂದು ಎಚ್ಚರ. ಆ ಯಂತ್ರವಿರುವ ಕೋಣೆಯಲ್ಲಿ ದೀಪ, ಕರ್ಪೂರ, ಊದಿನಕಡ್ಡಿ ಹಚ್ಚಬಾರದು, ಬೀಡಿಯಂತೂ ಕೂಡದು. ಆಮ್ಲಜನಕ ತಾನು ಉರಿಯದು, ಉರಿಯುವುದನ್ನೆಲ್ಲ ಭಗ್ಗನೆ ಉರಿಸುತ್ತದೆ. ರೋಗಿಯ ಹಾಸಿಗೆಯ ಪಕ್ಕದಲ್ಲೇ ಆರತಿ ಎತ್ತುವುದನ್ನು ನಾನು ಕಂಡಿದ್ದೇನೆ.

ಚಿಕಿತ್ಸಾ ಶಿಬಿರಗಳಲ್ಲೂ ಇದೇ ತಮಾಷೆ. ಕಿಟಕಿ ಮುಚ್ಚಿ, ಲೋಬಾನದ ಹೊಗೆ ಹಾಕಿ, ಉಬ್ಬಸದವರನ್ನು ಮಲಗಿಸುತ್ತಾರೆ! ಕೆಲವರು ಕೊನೆಯಲ್ಲಿ ಕಪಾಲಭಾತಿ, ಭಸ್ತ್ರಿಕಾ ಮಾಡಿಸುತ್ತಾರೆ. ಗಾಳಿಚೀಲ ಹರಿದವರಿಗೆ ಬಿರುಸಿನ ಉಸಿರಾಟವೂ ಉಸಿರು ಬಿಗಿಹಿಡಿಯುವುದೂ ವೈದ್ಯರನ್ನು ಕೇಳದೆ ಮಾಡಿಸತಕ್ಕವಲ್ಲ. ಅವರಿಗೆ ಬೇಕಾದದ್ದು ತದ್ವಿರುದ್ಧ. ಮೂಗಿನಿಂದ ಒಳಗೆಳೆದು, ಬಿಸಿ ಹಾಲು ಆರಿಸುವಂತೆ ತುಟಿ ಮುಂದೆ ಮಾಡಿ, ಎಳೆದದ್ದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡುವುದು. ತುಟಿಯ ಬಳಿ ತಡೆ ಇದ್ದರೆ ಒಳಗಿನ ನಾಳಗಳು ಕುಸಿಯದೆ ತೆರೆದಿರುತ್ತವೆ. ಇದಕ್ಕೆ ಗುರುವೂ ಬೇಡ, ದಕ್ಷಿಣೆಯೂ ಬೇಡ.

ಹಾಗಾದರೆ ನಮ್ಮ ನಿಲುವೇನು? ಪ್ರಾಣಿಕ್ ಹೀಲಿಂಗ್ ಪದ್ಧತಿಯವರೇ ತಮ್ಮ ಪುಸ್ತಕಗಳಲ್ಲಿ, ಇದು ವೈದ್ಯಕೀಯಕ್ಕೆ ಬದಲಿಯಲ್ಲ, ಪೂರಕ ಎಂದು ಮುದ್ರಿಸುತ್ತಾರೆ. ಆ ಮಾತಿಗೆ ಅವರನ್ನು ಕಟ್ಟಿಹಾಕಬೇಕು. ಜೊತೆಗೆ ಎಂಬ ಮಾತು ಭಿತ್ತಿಪತ್ರದಲ್ಲಿದ್ದರೆ ಸಾಲದು, ಕೋಣೆಯೊಳಗೂ ಇರಬೇಕು. ಪಂಪು ಬಿಡಿಸಲಾಗುವುದು ಎಂಬ ಪ್ರಕಟಣೆಯನ್ನು ನಾವು ಹಾಕುವುದಿಲ್ಲ. ಅದನ್ನು ಕಳಿಸಿದ ಮಠದ ಪೂಜ್ಯರಿಗೆ ಕಾರಣ ಬರೆದಿದ್ದೇವೆ. 2017ರ ಮೌಢ್ಯ ನಿಷೇಧ ಕಾಯ್ದೆ ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ತಪ್ಪಿಸಿ ಮಂತ್ರ ಹಾಕುವುದನ್ನು ಅಪರಾಧವೆನ್ನುತ್ತದೆ. ಆ ಕಾಯ್ದೆಗಾಗಿ ದನಿಯೆತ್ತಿದ ಮಠಗಳ ಅಂಗಳದಲ್ಲಿ ದಮ್ಮಿನವರ ಔಷಧ ತಪ್ಪಿಸುವುದು ಎಷ್ಟು ಶೋಭೆ? ಮೂರನೆಯ ಶಿಬಿರದವರನ್ನು ಮಾತ್ರ ನಾವು ಕೇಳಿದ್ದು ಇಷ್ಟು: ಬಂದವರು ತಮ್ಮ ಇನ್‌ಹೇಲರನ್ನು ಜೊತೆಗೆ ತರಲಿ, ಔಷಧದ ಬಗ್ಗೆ ನಿಮ್ಮವರು ಒಂದು ಮಾತೂ ಆಡದಿರಲಿ, ಹೊಗೆ ಬೇಡ, ಹಣ ಬೇಡ, ಊದುವ ಪರೀಕ್ಷೆ ಆಗಿಲ್ಲದವರನ್ನು ಮೊದಲು ಆಸ್ಪತ್ರೆಗೆ ಕಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊರೊನಾ ಕಾಲದಿಂದ ಎಲ್ಲರ ಮನೆಯಲ್ಲೂ ಇದೆ, ಅದನ್ನೂ ಇಟ್ಟುಕೊಳ್ಳಿ. ಸಂಖ್ಯೆ ಇಳಿದು ನಿಂತಿದ್ದರೆ ಕೈಯಾಡಿಸುತ್ತ ಕೂರಬೇಡಿ, ಗಾಡಿ ಕರೆಯಿರಿ. ಅವರು ಒಪ್ಪಿ ಬರೆದುಕೊಟ್ಟಿದ್ದಾರೆ. ಪ್ರಕಟಣೆ ಕೊನೆಯ ಪುಟದಲ್ಲಿದೆ.

ನನ್ನನ್ನು ಕೇಳಿದರೆ ಅದೇ ಸಭಾಭವನದಲ್ಲಿ ಅದೇ ಸೋಮವಾರ ಇನ್ನೂ ಒಳ್ಳೆಯ ಕೆಲಸ ಸಾಧ್ಯ. ಈ ರೋಗಕ್ಕೆ ಔಷಧದ ನಂತರ ಅತಿ ಹೆಚ್ಚು ಪ್ರಯೋಜನ ತೋರಿಸಿರುವುದು ಕ್ರಮಬದ್ಧ ನಡಿಗೆ, ಕೈಕಾಲಿನ ವ್ಯಾಯಾಮ, ಉಸಿರಿನ ಅಭ್ಯಾಸ. ಏದುಸಿರಿಗೆ ಹೆದರಿ ಜನ ಕುಳಿತುಬಿಡುತ್ತಾರೆ. ಕುಳಿತರೆ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಅಷ್ಟೇ ಕೆಲಸಕ್ಕೆ ಹೆಚ್ಚು ಉಸಿರು ಕೇಳುತ್ತದೆ. ವೈದ್ಯರು ಮಾಡಿಸುವ ಆರು ನಿಮಿಷದ ನಡಿಗೆ ಪರೀಕ್ಷೆಗೆ ಬೇಕಾದದ್ದು 30 ಮೀಟರ್ ಉದ್ದದ ಸಮತಟ್ಟಾದ ಜಾಗ, ಎರಡು ಕುರ್ಚಿ, ಒಂದು ಗಡಿಯಾರ. ತಾಲೂಕು ಆಸ್ಪತ್ರೆಯಲ್ಲಿ ಅಂಥ ಖಾಲಿ ಓಣಿ ಸಿಗದು. ನಮ್ಮ ದಾಸೋಹದ ಪಡಸಾಲೆ ಅದಕ್ಕೆ ಹೇಳಿಮಾಡಿಸಿದಂತಿದೆ. ಮಠಗಳ ಕೈಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಫಿಸಿಯೋಥೆರಪಿ ಕಾಲೇಜುಗಳಿವೆ. ವಾರಕ್ಕೆ ಒಂದು ದಿನ ಇಬ್ಬರು ವಿದ್ಯಾರ್ಥಿಗಳನ್ನು ಕಳಿಸುವುದು ದೊಡ್ಡ ಮಾತಲ್ಲ. ಮುದುಕರು ನಡೆದು ದಣಿದ ಮೇಲೆ ಯಾರಾದರೂ ಪಕ್ಕದಲ್ಲಿ ಕೂತು, ತಲೆಯ ಮೇಲೆ ಕೈಯಿಟ್ಟು ಸಮಾಧಾನ ಹೇಳುವುದಾದರೆ ಹೇಳಲಿ. ನನ್ನ ತಕರಾರಿಲ್ಲ.

ಕೊನೆಗೆ ಅಡುಗೆಮನೆ. ದೊಡ್ಡ ಮಠಗಳಲ್ಲಿ ಕೆಲವಕ್ಕೆ ಆವಿಯ ಬಾಯ್ಲರ್ ಬಂದಿದೆ, ಹಲವಕ್ಕೆ ಗ್ಯಾಸ್ ಬಂದಿದೆ. ಸಣ್ಣ ಮಠಗಳಲ್ಲಿ ಇನ್ನೂ ಸೌದೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆಕೊಳವೆ ಇರುವ ಅಸ್ತ್ರ ಒಲೆ ಕಟ್ಟಿಕೊಟ್ಟು ನಲವತ್ತು ವರ್ಷ ದಾಟಿದೆ. ಎಷ್ಟೋ ಕಡೆ ಕೊಳವೆ ಮುರಿದದ್ದನ್ನು ಹಾಗೇ ಬಿಟ್ಟಿದ್ದಾರೆ. ಒಲೆಯ ಸಂಖ್ಯೆ, ಕೋಣೆಯ ಉದ್ದಗಲ, ಸೂರಿನ ಎತ್ತರ, ಕಿಟಕಿ ಎಷ್ಟು, ಒಳಗೆ ಎಷ್ಟು ಜನ ಎಷ್ಟು ಹೊತ್ತು ಕೆಲಸ ಮಾಡುತ್ತಾರೆ ಎಂಬಷ್ಟನ್ನು ಒಂದು ಅಂಚೆಕಾರ್ಡಿನಲ್ಲಿ ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿದ ಮಠಕ್ಕೆ, ಹೊಗೆಕೊಳವೆಯ ಅಳತೆ, ನಕ್ಷೆ ಮತ್ತು ಅಂದಾಜು ಪಟ್ಟಿಯನ್ನು ನಾನು ಹಾಗೂ ನನ್ನ ಇಬ್ಬರು ನಿವೃತ್ತ ಸಹೋದ್ಯೋಗಿಗಳು ಮಾಡಿಕೊಡುತ್ತೇವೆ. ಖರ್ಚಿಲ್ಲ. ಜಾತ್ರೆಯ ಸೀಸನ್ನಿಗೆ ಮುಂಚೆ ಕಾರ್ಡು ತಲುಪಿದರೆ ಗಾರೆ ಕೆಲಸಕ್ಕೆ ಸಮಯ ಸಿಗುತ್ತದೆ.